ಲೆಕ್ಕ ತಾಳೆಯಾಯ್ತು, ಆಸಾಮಿ ಕಾಣೆ

ಜನವರಿಯ ಕೊನೆಯ ವಾರ ಅಂದರೆ ಅಮೆರಿಕದಲ್ಲಿ ಸಂಬಳಕ್ಕೆ ದುಡಿಯುವವರೆಲ್ಲ ಅಂಚೆ ಡಬ್ಬಿಯನ್ನು ದಿನಕ್ಕೆ ಒಂದು ಸಲ ಹೆಚ್ಚಿಗೇ ಇಣುಕಿ ನೋಡುವ ಕಾಲ. ಈಗ ಆನ್‌ಲೈನಿನಲ್ಲೇ ಸಿಗುತ್ತೆ ಬಿಡಿ, ಆದರೂ ಹಳೇ ಅಭ್ಯಾಸ. ಬರಬೇಕಾದ ಕಾಗದದ ಹೆಸರು ಡಬ್ಲ್ಯೂ-2. ನಮ್ಮಲ್ಲಿ ಫಾರ್ಮ್ 16 ಅಂತ ಕರೆದು ರೂಢಿಯಾದ ಕಾಗದದ ದಾಯಾದಿ ಅಂದುಕೊಳ್ಳಿ. ವರ್ಷವಿಡೀ ಎಷ್ಟು ಸಂಬಳ ಕೊಟ್ಟೆವು, ಅದರಲ್ಲಿ ಎಷ್ಟು ತೆರಿಗೆ ಮುರಿದುಕೊಂಡೆವು ಅಂತ ಕಂಪನಿ ಬರೆದುಕೊಡುವ ಚೀಟಿ. ಒಂದು ಕಡೆ ಹೆಸರು, ನಂಬರು. ಇನ್ನೊಂದು ಕಡೆ ಪುಟ್ಟ ಪುಟ್ಟ ಚೌಕಗಳಲ್ಲಿ ಅಂಕಿಗಳು. ನಾವೆಲ್ಲ ಅಂಕಿ ನೋಡ್ತೀವಿ. ಹೆಸರು, ನಂಬರನ್ನು ಯಾರು ನೋಡ್ತಾರೆ? ನಾನಂತೂ ನೋಡಿರಲಿಲ್ಲ.

ನಾನು ಇಲ್ಲಿಗೆ ಬಂದದ್ದು 2000ದ ಆಗಸ್ಟ್‌ನಲ್ಲಿ. ಸೋಶಿಯಲ್ ಸೆಕ್ಯುರಿಟಿ ನಂಬರಿಗೆ ಅರ್ಜಿ ಹಾಕಿ, ಅದು ಬರುವ ಮೊದಲೇ ಸಂಬಳ ಶುರುವಾಗಿತ್ತು. ಆಮೇಲೆ ಕಾರ್ಡು ಬಂತು, ಎಚ್.ಆರ್.ನವರಿಗೆ ನಂಬರು ಕೊಟ್ಟೆ, ಕೆಲಸ ಮುಗೀತು ಅಂದುಕೊಂಡೆ. ಮುಂದಿನ ಜನವರಿಯಲ್ಲಿ ಬಂದ ಡಬ್ಲ್ಯೂ-2ನಲ್ಲಿ ನಂಬರಿನ ಜಾಗದಲ್ಲಿ 'ಅಪ್ಲೈಡ್ ಫಾರ್' ಅಂತಿತ್ತು, ಅಂದರೆ ಅರ್ಜಿ ಹಾಕಿದ್ದಾರೆ ಅಂತ. ಎಚ್.ಆರ್. ಮೇಜಿನಿಂದ ಪೇರೋಲ್ ಮೇಜಿಗೆ ಹತ್ತು ಹೆಜ್ಜೆ ದೂರ. ಆ ಹತ್ತು ಹೆಜ್ಜೆಯನ್ನು ನನ್ನ ನಂಬರು ನಡೆದಿರಲೇ ಇಲ್ಲ. ನಾನು ಆ ಚೀಟಿಯನ್ನು ರಿಟರ್ನ್ ಜೊತೆಗೆ ಲಗತ್ತಿಸಿ ಕಳಿಸಿದೆ, ರಿಫಂಡೂ ಬಂತು. ದುಡ್ಡು ಬಂದ ಮೇಲೆ ಯಾರಿಗೆ ಬೇಕು ಉಸಾಬರಿ!

2003ರಲ್ಲಿ ಹುಟ್ಟಿದ ಹಬ್ಬಕ್ಕೆ ಮೂರು ತಿಂಗಳಿದೆ ಅನ್ನುವಾಗ ಸರಕಾರದಿಂದ ಒಂದು ಲಕೋಟೆ ಬಂತು. ಸೋಶಿಯಲ್ ಸೆಕ್ಯುರಿಟಿಯವರು 1999ರ ಅಕ್ಟೋಬರಿನಿಂದ 25 ವರ್ಷ ದಾಟಿದ ಕೆಲಸಗಾರರಿಗೆಲ್ಲ ವರ್ಷಕ್ಕೊಮ್ಮೆ ಕಳಿಸುತ್ತಿದ್ದ ಸ್ಟೇಟ್‌ಮೆಂಟು ಅದು. ಯಾವ ವರ್ಷ ಎಷ್ಟು ಗಳಿಸಿದಿರಿ ಅಂತ ಸಾಲುಸಾಲಾಗಿ ಇರುತ್ತೆ. 2001ಕ್ಕೆ ಅಂಕಿ ಇತ್ತು. 2000ದ ಮುಂದೆ ದುಂಡಗೆ ಒಂದು ಸೊನ್ನೆ!

ನಾಲ್ಕೂವರೆ ತಿಂಗಳು ದುಡಿದಿದ್ದೆ, ಪ್ರತಿ ಸಂಬಳದಲ್ಲೂ ತೆರಿಗೆ ಮುರಿದಿದ್ದರು, ಕಂಪನಿ ಅದನ್ನು ಸರಕಾರಕ್ಕೆ ಕಟ್ಟಿಯೂ ಇತ್ತು. ದುಡ್ಡು ಹೋಗಿದೆ, ನಾನು ಮಾತ್ರ ಹೋಗಿಲ್ಲ. ಇದು ಹೇಗೆ ಸಾಧ್ಯ ಅಂತ ಕೆದಕುತ್ತಾ ಹೋದಾಗ ಎಪ್ಪತ್ತು-ಎಂಬತ್ತು ವರ್ಷಗಳ ಒಂದು ಕಥೆಯೇ ಬಿಚ್ಚಿಕೊಂಡಿತು. ತೆರಿಗೆ ವಿಷಯ ಅಂತ ಮೂಗು ಮುರಿಯಬೇಡಿ, ಸ್ವಲ್ಪ ಓದಿ ನೋಡಿ :)

*

ಕಥೆ ಶುರುವಾಗೋದು 1935ರ ಆಗಸ್ಟ್ 14ರಂದು, ಅಧ್ಯಕ್ಷ ರೂಸ್‌ವೆಲ್ಟ್ ಸೋಶಿಯಲ್ ಸೆಕ್ಯುರಿಟಿ ಕಾಯಿದೆಗೆ ಸಹಿ ಹಾಕಿದಾಗ. ಆರ್ಥಿಕ ಕುಸಿತದಲ್ಲಿ ದೇಶ ನೆಲಕಚ್ಚಿತ್ತು, ಮುದುಕರಾದ ಮೇಲೆ ಗತಿಯೇನು ಅನ್ನುವ ಭಯ ಎಲ್ಲರಿಗೂ. ಕೆಲಸ ಮಾಡುವಾಗ ಸಂಬಳದಿಂದ ಒಂದಿಷ್ಟು, ಧಣಿಯ ಕೈಯಿಂದ ಅಷ್ಟೇ ಇನ್ನೊಂದಿಷ್ಟು ಸೇರಿಸಿ ಕಟ್ಟುವುದು. ವಯಸ್ಸಾದ ಮೇಲೆ ದುಡಿಮೆಗೆ ತಕ್ಕಂತೆ ತಿಂಗಳು ತಿಂಗಳು ಪಿಂಚಣಿ ಕೊಡುವುದು. 1937ರ ಜನವರಿಯಿಂದ ವಸೂಲಿ. ಇಬ್ಬರಿಂದಲೂ ಶೇಕಡಾ 1, ಅದೂ ವರ್ಷಕ್ಕೆ 3,000 ಡಾಲರ್‌ವರೆಗಿನ ಸಂಬಳದ ಮೇಲೆ ಮಾತ್ರ.

ಈ 'ದುಡಿಮೆಗೆ ತಕ್ಕಂತೆ' ಅನ್ನೋ ಮಾತಿನಲ್ಲೇ ಇರೋದು ತಾಪತ್ರಯವೆಲ್ಲ. ಮಾಮೂಲಿ ತೆರಿಗೆಯಾದರೆ ಸರಕಾರಕ್ಕೆ ಒಟ್ಟು ಎಷ್ಟು ಬಂತು ಅಂತ ಗೊತ್ತಾದರೆ ಸಾಕು. ಇದು ಹಾಗಲ್ಲ. ಕೋಟಿಗಟ್ಟಲೆ ಜನರಲ್ಲಿ ಒಬ್ಬೊಬ್ಬರ ಹೆಸರಿಗೂ ಒಂದೊಂದು ಖಾತೆ ತೆರೆದು, ನಲವತ್ತು-ಐವತ್ತು ವರ್ಷ ಅದನ್ನು ಕಾಪಾಡಬೇಕು. ಅಷ್ಟು ದೊಡ್ಡ ಖಾತೆ ಪುಸ್ತಕವನ್ನು ಅಲ್ಲಿಯವರೆಗೆ ಅಲ್ಲಿ ಯಾರೂ ಬರೆದಿರಲಿಲ್ಲ. ನಮ್ಮ ಮಂಜುನಾಥರ ಹಾಗೆ ಅಲ್ಲಿ ಬೀದಿಗೊಬ್ಬ ಜಾನ್ ಸ್ಮಿತ್ ಇದ್ದನಲ್ಲ, ಹೆಸರಿನ ಮೇಲೆ ಖಾತೆ ಇಡುವುದು ಆಗದ ಮಾತು. ಅದಕ್ಕೇ ನಂಬರು.

ನಂಬರು ಹಂಚಲು ಹೊಸ ಇಲಾಖೆಗೆ ಊರೂರಲ್ಲಿ ಕಚೇರಿಗಳಿರಲಿಲ್ಲ. ಮೊದಲ ಸ್ಥಳೀಯ ಕಚೇರಿ ತೆರೆದದ್ದೇ 1936ರ ಅಕ್ಟೋಬರಿನಲ್ಲಿ, ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ. ಹಾಗಾಗಿ ಅಂಚೆ ಇಲಾಖೆಯ ಕಾಲು ಹಿಡಿದರು. 1936ರ ನವೆಂಬರ್ 16ರಂದು ಪೋಸ್ಟ್‌ಮ್ಯಾನ್‌ಗಳು ಮೊದಲು ಮಾಲೀಕರಿಗೆ ಎಸ್‌ಎಸ್-4 ಅನ್ನುವ ಫಾರಂ ಕೊಟ್ಟರು: ನಿಮ್ಮಲ್ಲಿ ಎಷ್ಟು ಜನ ಕೆಲಸಕ್ಕಿದ್ದಾರೆ? ಆ ಲೆಕ್ಕ ಹಿಡಿದು ನವೆಂಬರ್ 24ರಿಂದ ಕೆಲಸಗಾರರಿಗೆ ಎಸ್‌ಎಸ್-5. ಮಾಲೀಕನಿಗೆ ಒಂದು ಫಾರಂ, ಆಳಿಗೆ ಇನ್ನೊಂದು, ಎರಡಕ್ಕೂ ಬೇರೆ ಬೇರೆ ನಂಬರು. ಇವತ್ತಿಗೂ ಆ ಎರಡು ಫಾರಂಗಳು ಅದೇ ಹೆಸರಿನಲ್ಲಿ ಬದುಕಿವೆ. ನಾನು 2000ದಲ್ಲಿ ತುಂಬಿದ್ದೂ ಎಸ್‌ಎಸ್-5ನ್ನೇ. ಅದು ಚುನಾವಣೆಯ ವರ್ಷ ಬೇರೆ. ಕೆಲಸಗಾರರ ಕೊರಳಿಗೆಲ್ಲ ನಂಬರಿನ ಬಿಲ್ಲೆ ಕಟ್ಟುತ್ತಾರೆ ಅಂತ ವಿರೋಧಿ ಪತ್ರಿಕೆಗಳು ಗುಲ್ಲೆಬ್ಬಿಸಿದ್ದವು. ಬಿಲ್ಲೆ ಬರಲಿಲ್ಲ, ಕಾಗದದ ಕಾರ್ಡು ಬಂತು. 1937ರ ಮಧ್ಯದ ಹೊತ್ತಿಗೆ 3 ಕೋಟಿಗೂ ಹೆಚ್ಚು ಜನರಿಗೆ ನಂಬರು ಸಿಕ್ಕಿತ್ತು. ಕಂಪ್ಯೂಟರ್ ಅನ್ನೋ ಪದಕ್ಕೆ ಇನ್ನೂ ಲೆಕ್ಕ ಮಾಡುವ ಗುಮಾಸ್ತ ಅಂತಲೇ ಅರ್ಥವಿದ್ದ ಕಾಲದಲ್ಲಿ!

ಈ ಖಾತೆಗಳನ್ನೆಲ್ಲ ಇಡುವುದಕ್ಕೆ ವಾಷಿಂಗ್ಟನ್‌ನಲ್ಲಿ ಅಷ್ಟು ದೊಡ್ಡದೂ ಅಷ್ಟು ಭಾರ ತಡೆಯುವಂಥದ್ದೂ ಆದ ಕಟ್ಟಡ ಸಿಗಲಿಲ್ಲ. ಕಡೆಗೆ ಬಾಲ್ಟಿಮೋರ್ ಬಂದರಿನ ಪಕ್ಕದ ಕ್ಯಾಂಡ್ಲರ್ ಬಿಲ್ಡಿಂಗ್ ಹಿಡಿದರು. ಅದು ಹಿಂದೆ ಕೋಕಾ-ಕೋಲಾ ಬಾಟಲಿ ತುಂಬುತ್ತಿದ್ದ ಜಾಗ. ಅಲ್ಲಿ ಐಬಿಎಂನ ಪಂಚ್ ಕಾರ್ಡ್ ಯಂತ್ರಗಳು ಸಾಲಾಗಿ ಕೂತವು. ಧಣಿ ಕಳಿಸಿದ ಸಂಬಳದ ಪಟ್ಟಿಯಲ್ಲಿ ಒಬ್ಬೊಬ್ಬ ಕೆಲಸಗಾರನಿಗೂ ಒಂದೊಂದು ಕಾರ್ಡಿಗೆ ತೂತು ಹೊಡೆಯಬೇಕು, ಕಾರ್ಡುಗಳನ್ನು ನಂಬರಿನ ಕ್ರಮದಲ್ಲಿ ಜೋಡಿಸಬೇಕು, ಆಮೇಲೆ ಕಚೇರಿಯಲ್ಲಿರುವ ಮೂಲ ಕಾರ್ಡುಗಳ ಜೊತೆ ಒಂದೊಂದನ್ನೇ ತಾಳೆ ನೋಡಬೇಕು. ಇದನ್ನು ಕೈಯಲ್ಲಿ ಮಾಡಿದರೆ ಒಂದು ಜನ್ಮ ಸಾಲದು ಅಂತ ಐಬಿಎಂ ಈ ಕೆಲಸಕ್ಕೆಂದೇ ಒಂದು ಯಂತ್ರ ಮಾಡಿತು: 1937ರ 077 ಕೊಲೇಟರ್. ಎರಡು ಕಟ್ಟು ಕಾರ್ಡುಗಳನ್ನು ಎರಡು ಬಾಯಿಗೆ ಹಾಕಿದರೆ, ಹೊಂದಿದ್ದನ್ನು ಒಂದು ಕಡೆ, ಹೊಂದದ್ದನ್ನು ಇನ್ನೊಂದು ಕಡೆ ಬೇರ್ಪಡಿಸುವ ಯಂತ್ರ. ತಾಳೆ ನೋಡುವುದನ್ನೇ ಕಸುಬು ಮಾಡಿಕೊಂಡ ಯಂತ್ರ ಅನ್ನಿ.

ಹೊಂದದ ಕಾರ್ಡುಗಳು ಮೊದಲ ವರ್ಷದಿಂದಲೇ ಇದ್ದವು. ನಂಬರೇ ಇಲ್ಲದವು, ನಂಬರು ಅದಲುಬದಲಾದವು, ಹೆಸರಿನ ಕಾಗುಣಿತ ತಪ್ಪಿದವು. ಹಾಗಾಗಿ ನಂಬರಿನ ಜೊತೆಗೆ ಹೆಸರಿನ ಸೂಚಿಯೊಂದನ್ನೂ ಇಟ್ಟರು. ಅದನ್ನು ಅಕಾರಾದಿಯಲ್ಲಿ ಇಡದೆ ಸೌಂಡೆಕ್ಸ್ ಅನ್ನುವ ಪದ್ಧತಿಯಲ್ಲಿ ಇಟ್ಟರು. ರಾಬರ್ಟ್ ರಸೆಲ್ ಎಂಬಾತ 1918ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು. ಹೆಸರಿನ ಮೊದಲ ಅಕ್ಷರ ಇಟ್ಟುಕೊಂಡು, ಸ್ವರಗಳನ್ನು ಕಿತ್ತುಹಾಕಿ, ಉಳಿದ ವ್ಯಂಜನಗಳಿಗೆ ಉಚ್ಚಾರದ ಪ್ರಕಾರ ಅಂಕಿ ಕೊಡುವುದು. ಸ್ಮಿತ್‌ನ ಹತ್ತು ಕಾಗುಣಿತಕ್ಕೂ ಒಂದೇ ಸಂಕೇತ.

ನಮಗೆ ಇದು ಬಲು ಉಪಯೋಗದ ಪದ್ಧತಿ ಕಣ್ರೀ. ಸುಮ್ಮನೆ ಕೂತು ಲೆಕ್ಕ ಹಾಕಿ ನೋಡಿದೆ. ಇಂಗ್ಲಿಷಿನಲ್ಲಿ ಮೂರ್ತಿಯನ್ನು ಒಬ್ಬರು ಯೂ ಹಾಕಿ ಬರೀತಾರೆ, ಇನ್ನೊಬ್ಬರು ಎರಡು ಓ ಹಾಕಿ, ಮತ್ತೊಬ್ಬರು ಕೊನೆಗೆ ವೈ ಹಾಕಿ: ಎಲ್ಲಕ್ಕೂ ಎಂ-630. ಲಕ್ಷ್ಮಿಗೆ ಕೆಎಸ್ಎಚ್ ಹಾಕಿದರೂ ಎಕ್ಸ್ ಹಾಕಿದರೂ ಎಲ್-250. ಗೌಡರಿಗೆ ಡಬ್ಲ್ಯೂ ಇದ್ದರೂ ಯೂ ಇದ್ದರೂ ಜಿ-300. ಆದರೆ ಮೊದಲ ಅಕ್ಷರವೇ ಬೇರೆಯಾದರೆ ಸೌಂಡೆಕ್ಸ್ ಕೈಚೆಲ್ಲುತ್ತೆ. ವಿಶ್ವನಾಥನನ್ನು ಬಿಶ್ವನಾಥ ಮಾಡಿದರೆ ಮುಗೀತು, ಸಿಗಲ್ಲ. ಅದಕ್ಕಿಂತ ದೊಡ್ಡ ಕಷ್ಟ, ಯಾವುದು ಮೊದಲ ಹೆಸರು ಯಾವುದು ಕೊನೆಯದು ಅನ್ನೋದೇ ಗೊತ್ತಿಲ್ಲದಿರುವುದು. ಅದಕ್ಕೆ ಆಮೇಲೆ ಬರ್ತೀನಿ.

ಜನ ನಂಬರನ್ನು ಹೇಗೆ ಅರ್ಥ ಮಾಡಿಕೊಂಡರು ಅನ್ನೋದಕ್ಕೆ ಒಂದು ತಮಾಷೆ ಪ್ರಸಂಗವಿದೆ. 1938ರಲ್ಲಿ ನ್ಯೂಯಾರ್ಕ್ ರಾಜ್ಯದ ಲಾಕ್‌ಪೋರ್ಟ್ ಊರಿನ ಪರ್ಸ್ ಕಂಪನಿಯೊಂದು ತನ್ನ ಪರ್ಸುಗಳಲ್ಲಿ ಈ ಹೊಸ ಕಾರ್ಡು ಎಷ್ಟು ಚೆನ್ನಾಗಿ ಕೂರುತ್ತೆ ಅಂತ ತೋರಿಸಲು ಮಾದರಿ ಕಾರ್ಡೊಂದನ್ನು ಇಟ್ಟು ಮಾರಿತು. ಮಾದರಿಯಲ್ಲಿ ಅಚ್ಚು ಹಾಕಿದ್ದು ಕಂಪನಿಯ ಅಧಿಕಾರಿಯೊಬ್ಬರ ಸೆಕ್ರೆಟರಿಯ ನಿಜವಾದ ನಂಬರು! ಕಾರ್ಡು ಸೈಜಿನಲ್ಲಿ ಚಿಕ್ಕದಿತ್ತು, ಮಾದರಿ ಅಂತ ಅದರ ಮೇಲೆ ಬರೆದೂ ಇತ್ತು. ಆದರೂ ಪರ್ಸ್ ಕೊಂಡವರು ಅದೇ ತಮ್ಮ ನಂಬರು ಅಂದುಕೊಂಡು ಧಣಿಗೆ ಬರೆಸಿದರು. 1943ರಲ್ಲಿ ಒಂದೇ ಹೊತ್ತಿಗೆ 5,755 ಜನ ಆ ನಂಬರಿನಲ್ಲಿ ದುಡಿಯುತ್ತಿದ್ದರಂತೆ. ಒಟ್ಟಾರೆ 40,000ಕ್ಕೂ ಹೆಚ್ಚು ಜನ. 1977ರಲ್ಲೂ 12 ಮಂದಿ ಬಿಟ್ಟಿರಲಿಲ್ಲ. ಇಲಾಖೆ ಆ ನಂಬರನ್ನು ರದ್ದು ಮಾಡಿ, ಪಾಪ ಆ ಹೆಣ್ಣುಮಗಳಿಗೆ ಬೇರೆ ನಂಬರು ಕೊಟ್ಟಿತು. ನಗು ಬರುತ್ತೆ, ಆದರೆ ಇಷ್ಟೂ ಜನರ ತೆರಿಗೆ ಸರಿಯಾಗಿಯೇ ಜಮಾ ಆಗುತ್ತಿತ್ತು ಅನ್ನೋದನ್ನು ಮರೀಬೇಡಿ. ಧಣಿ ಕಟ್ಟಿದ ಒಟ್ಟು ಮೊತ್ತ ಸರಿಯಿತ್ತು. ಯಾರ ಖಾತೆಗೆ ಅನ್ನೋದು ಮಾತ್ರ ತಪ್ಪು.

*

ಇಷ್ಟು ಹೊತ್ತು ಹೇಳಿದ್ದು ಸೋಶಿಯಲ್ ಸೆಕ್ಯುರಿಟಿಯ ತೆರಿಗೆ. ಆದಾಯ ತೆರಿಗೆಯದು ಬೇರೆಯೇ ದಾರಿ. ಅಂತರ್ಯುದ್ಧದ ಕಾಲದಲ್ಲಿ, 1862ರ ಕಾನೂನಿನಲ್ಲಿ, ಸರಕಾರಿ ನೌಕರರ ಸಂಬಳದಿಂದ ತೆರಿಗೆ ಮುರಿಯುವ ಪದ್ಧತಿ ಇತ್ತು. ಆ ತೆರಿಗೆಯೇ 1872ರಲ್ಲಿ ಹೋಯ್ತು. 1913ರಲ್ಲಿ ಮತ್ತೆ ಶುರುವಾಗಿ ನಾಲ್ಕೇ ವರ್ಷದಲ್ಲಿ ಮುರಿಯುವುದನ್ನು ನಿಲ್ಲಿಸಿದರು. ಅಲ್ಲಿಂದ ಮುಂದೆ ಈ ವರ್ಷ ದುಡಿದದ್ದಕ್ಕೆ ಮುಂದಿನ ವರ್ಷ ನಾವೇ ಕಂತಿನಲ್ಲಿ ಕಟ್ಟುವುದು ರೂಢಿ. ಶ್ರೀಮಂತರು ಮಾತ್ರ ಕಟ್ಟುತ್ತಿದ್ದಾಗ ಇದು ನಡೀತು. ಎರಡನೇ ಮಹಾಯುದ್ಧಕ್ಕೆ ದುಡ್ಡು ಬೇಕಾದಾಗ ಸಾಮಾನ್ಯ ಕೂಲಿಕಾರನೂ ತೆರಿಗೆಯ ಬಲೆಗೆ ಬಿದ್ದ. 1939ರಲ್ಲಿ ಸುಮಾರು 40 ಲಕ್ಷ ಇದ್ದ ತೆರಿಗೆದಾರರು 1945ಕ್ಕೆ 4 ಕೋಟಿ 30 ಲಕ್ಷ. ಇಷ್ಟು ಜನ ವರ್ಷದ ಕೊನೆಗೆ ದುಡ್ಡು ಎತ್ತಿಟ್ಟಿರುತ್ತಾರೆ ಅಂತ ನಂಬಲು ಯಾವ ಸರಕಾರಕ್ಕೆ ಧೈರ್ಯ ಬಂದೀತು?

ಮೇಸಿ ಅಂಗಡಿಯ ಖಜಾಂಚಿಯೂ ನ್ಯೂಯಾರ್ಕ್ ಫೆಡರಲ್ ರಿಸರ್ವ್ ಬ್ಯಾಂಕಿನ ಅಧ್ಯಕ್ಷನೂ ಆಗಿದ್ದ ಬಿಯರ್ಡ್‌ಸ್ಲಿ ರೂಮ್ಲ್ ಒಂದು ದಾರಿ ಹೇಳಿದ. ದುಡಿದಾಗಲೇ ಕಟ್ಟಿಸಿಕೊಳ್ಳಿ, ಒಂದೇ ವರ್ಷ ಎರಡು ವರ್ಷದ ತೆರಿಗೆ ಬೀಳದ ಹಾಗೆ ಹಳೆಯದನ್ನು ಮನ್ನಾ ಮಾಡಿ ಅಂತ. ಜಗಳವೋ ಜಗಳ. ಕೊನೆಗೆ ಬಹುಪಾಲು ಜನರಿಗೆ ಒಂದು ವರ್ಷದ ತೆರಿಗೆಯಲ್ಲಿ ಮುಕ್ಕಾಲು ಭಾಗ ಮನ್ನಾ ಆಗಿ, 1943ರ ಜೂನ್ 9ರಂದು ಕಾನೂನಾಯ್ತು. ಜುಲೈ 1ರಿಂದ ಪ್ರತಿ ಸಂಬಳದಲ್ಲೂ ಕತ್ತರಿ. ಆಗ ಖಜಾನೆ ಇಲಾಖೆಯಲ್ಲಿದ್ದು ಈ ಏರ್ಪಾಡಿಗೆ ಕೈಜೋಡಿಸಿದವರಲ್ಲಿ ಮಿಲ್ಟನ್ ಫ್ರೀಡ್‌ಮನ್ ಕೂಡ ಒಬ್ಬರು, ಮುಂದೆ ಸರಕಾರದ ಕೈ ಚಿಕ್ಕದಿರಬೇಕು ಅಂತ ಜೀವಮಾನವಿಡೀ ಹೇಳಿದ ಅದೇ ಫ್ರೀಡ್‌ಮನ್!

ಧಣಿ ಮುರಿದುಕೊಂಡ ಮೇಲೆ ರಸೀದಿ ಕೊಡಬೇಡವೇ? ಆ ರಸೀದಿಯೇ ಡಬ್ಲ್ಯೂ-2. ಹಾಗಾಗಿ ಯುದ್ಧಾನಂತರದ ಧಣಿಗೆ ಎರಡು ಕೆಲಸ. ಮೂರು ತಿಂಗಳಿಗೊಮ್ಮೆ 941 ಅನ್ನೋ ಫಾರಂ, ಅದರ ಜೊತೆ 'ಶೆಡ್ಯೂಲ್ ಎ' ಅನ್ನೋ ಪಟ್ಟಿ: ಪ್ರತಿಯೊಬ್ಬ ಕೆಲಸಗಾರನ ಹೆಸರು, ನಂಬರು, ಆ ತ್ರೈಮಾಸಿಕದ ಸಂಬಳ. ಇದು ತೆರಿಗೆ ಇಲಾಖೆಯ ಮೂಲಕ ಬಾಲ್ಟಿಮೋರಿಗೆ. ವರ್ಷದ ಕೊನೆಗೆ ಡಬ್ಲ್ಯೂ-2, ಇದು ತೆರಿಗೆ ಇಲಾಖೆಗೆ. ಒಂದೇ ವಿಷಯ ವರ್ಷಕ್ಕೆ ಐದು ಸಲ ಬರೆಯೋದು. ಸಣ್ಣ ಅಂಗಡಿಯವರು ಗೋಳು ಹೊಯ್ದುಕೊಂಡದ್ದರಲ್ಲಿ ತಪ್ಪಿಲ್ಲ.

ಅವರ ಗೋಳು ಕೇಳಿ 1976ರ ಜನವರಿ 2ರಂದು ಅಧ್ಯಕ್ಷ ಫೋರ್ಡ್ ಒಂದು ಕಾನೂನಿಗೆ ಸಹಿ ಹಾಕಿದರು. ಯಾವ ಚರಿತ್ರೆ ಪುಸ್ತಕದಲ್ಲೂ ಇದಕ್ಕೆ ಅರ್ಧ ಸಾಲು ಸಿಗಲಿಕ್ಕಿಲ್ಲ. ಆದರೆ ನನ್ನ ಸೊನ್ನೆಯ ಮೂಲ ಇಲ್ಲಿದೆ. 1978ರಿಂದ 941ಕ್ಕೆ ಹೆಸರುಗಳ ಪಟ್ಟಿ ಬೇಡ, ಒಟ್ಟು ಮೊತ್ತ ಬರೆದರೆ ಸಾಕು. ಹೆಸರು, ನಂಬರು ಹೋಗೋದು ವರ್ಷಕ್ಕೊಮ್ಮೆ ಮಾತ್ರ, ಡಬ್ಲ್ಯೂ-2 ಮೂಲಕ, ನೇರವಾಗಿ ಸೋಶಿಯಲ್ ಸೆಕ್ಯುರಿಟಿಗೆ. ಅದರ ಮೇಲೆ ಮುಚ್ಚಳದ ಹಾಗೆ ಡಬ್ಲ್ಯೂ-3 ಅನ್ನೋ ಒಟ್ಟುಪಟ್ಟಿ. ಕಾಗದ ಉಳೀತು, ನಿಜ. ಆದರೆ ಅಲ್ಲಿಂದ ಮುಂದೆ ದುಡ್ಡು ಒಂದು ಇಲಾಖೆಗೆ, ಹೆಸರು ಇನ್ನೊಂದು ಇಲಾಖೆಗೆ. ದುಡ್ಡು ಸಾಗುವ ದಾರಿಯಲ್ಲಿ ಹೆಸರಿಲ್ಲ, ಹೆಸರು ಸಾಗುವ ದಾರಿಯಲ್ಲಿ ದುಡ್ಡಿಲ್ಲ. ಮೊದಲಾದರೆ ಏಪ್ರಿಲ್‌ನಲ್ಲೇ ಸಿಕ್ಕಿಬೀಳುತ್ತಿದ್ದ ತಪ್ಪು ಈಗ ಮುಂದಿನ ವರ್ಷದವರೆಗೆ ಬೆಚ್ಚಗೆ ಕೂತಿರುತ್ತೆ.

ಸರಕಾರಕ್ಕೆ ಇದು ಗೊತ್ತಿರಲಿಲ್ಲ ಅಂತಲ್ಲ. ಧಣಿ ಒಂದು ಕಡೆ ಹೇಳಿದ ಮೊತ್ತವನ್ನೂ ಇನ್ನೊಂದು ಕಡೆ ಹೇಳಿದ ಮೊತ್ತವನ್ನೂ ಹೋಲಿಸಿ ನೋಡುವ ಏರ್ಪಾಡು ಎರಡು ಇಲಾಖೆಗಳ ನಡುವೆ ಇದೆ. ವ್ಯತ್ಯಾಸ ಬಂದರೆ ಧಣಿಗೆ ಕಾಗದ ಹೋಗುತ್ತೆ, ಉತ್ತರ ಬರದಿದ್ದರೆ ತೆರಿಗೆ ಇಲಾಖೆಯವರು ದಂಡ ಹಾಕುತ್ತಾರೆ. ಆದರೆ ಗಮನಿಸಿ, ಇದು ಮೊತ್ತಕ್ಕೂ ಮೊತ್ತಕ್ಕೂ ಇರುವ ತಾಳೆ. ನನ್ನ ಕಂಪನಿಯ ನಾಲ್ಕು 941ಗಳನ್ನು ಕೂಡಿಸಿ ಡಬ್ಲ್ಯೂ-3 ಪಕ್ಕದಲ್ಲಿಟ್ಟರೆ ಎಲ್ಲ ಕೂಡಿಬರುತ್ತಿತ್ತು, ನನ್ನ ಸಂಬಳವೂ ಅದರೊಳಗೇ ಇತ್ತು. ಲೆಕ್ಕ ತಾಳೆ. ಆಸಾಮಿ ಕಾಣೆ.

*

ಆಮೇಲೆ ಕೆಲವು ವರ್ಷ ನಾನೂ ಪೇರೋಲ್ ಸಾಫ್ಟ್‌ವೇರಿನ ಕೆಲಸಕ್ಕೇ ಬಿದ್ದೆ (ವಿಧಿ ಅನ್ನೋದು ಇದಕ್ಕೇ!). ಡಿಸೆಂಬರಿನಲ್ಲಿ ಎಲ್ಲರೂ ಕ್ರಿಸ್‌ಮಸ್ ರಜೆಗೆ ಹೊರಟರೆ ಪೇರೋಲ್‌ನವರು ಮಾತ್ರ ಕಾಫಿ ಕುಡಿಯುತ್ತಾ ಕೂತಿರುತ್ತಾರೆ. ಮೊದಲು ಅಂಕಿಗಳ ತಾಳೆ. ಒಂದನೇ ಚೌಕದ ಸಂಬಳಕ್ಕೂ ಮೂರನೇ ಚೌಕದ ಸಂಬಳಕ್ಕೂ ಯಾಕೆ ವ್ಯತ್ಯಾಸ ಅಂತ ಪ್ರತಿ ವರ್ಷ ಹತ್ತು ಜನ ಕೇಳ್ತಾರೆ. 401(ಕೆ) ನಿವೃತ್ತಿ ಖಾತೆಗೆ ಹಾಕಿದ ದುಡ್ಡಿಗೆ ಆದಾಯ ತೆರಿಗೆ ಸದ್ಯಕ್ಕಿಲ್ಲ, ಸೋಶಿಯಲ್ ಸೆಕ್ಯುರಿಟಿ ತೆರಿಗೆ ಉಂಟು, ಅದಕ್ಕೆ. ಮೂರನೇ ಚೌಕಕ್ಕೆ ಒಂದು ಮೇಲ್ಮಿತಿ ಇದೆ. 1937ರಲ್ಲಿ 3,000 ಇದ್ದದ್ದು 2024ಕ್ಕೆ 1,68,600 ಡಾಲರ್. ನಾಲ್ಕನೇ ಚೌಕದಲ್ಲಿ ಅದರ ಶೇಕಡಾ 6.2 ಇರಬೇಕು, ಆರನೆಯದರಲ್ಲಿ ಐದನೆಯದರ ಶೇಕಡಾ 1.45, ಸಂಬಳ 2 ಲಕ್ಷ ಡಾಲರ್ ದಾಟಿದವರಿಗೆ 2013ರಿಂದ ಇನ್ನಷ್ಟು.

ನನಗೆ ಬಹಳ ಇಷ್ಟವಾದದ್ದು 941ರಲ್ಲಿರುವ ಒಂದು ಸಾಲು. 'ಸೆಂಟಿನ ಭಿನ್ನರಾಶಿಗಳ ಹೊಂದಾಣಿಕೆ' ಅಂತ ಅದರ ಅರ್ಥ. ಒಬ್ಬೊಬ್ಬರ ಸಂಬಳದಲ್ಲೂ ಶೇಕಡಾ 6.2 ಲೆಕ್ಕ ಹಾಕಿ ಸೆಂಟಿಗೆ ಸರಿಮಾಡಿ ಮುರಿದುಕೊಂಡು, ಆಮೇಲೆ ಎಲ್ಲವನ್ನೂ ಕೂಡಿಸಿದರೆ ಬರುವುದಕ್ಕೂ, ಒಟ್ಟು ಸಂಬಳದ ಮೇಲೆ ಒಂದೇ ಸಲ ಲೆಕ್ಕ ಹಾಕಿದರೆ ಬರುವುದಕ್ಕೂ ನಾಲ್ಕಾರು ಸೆಂಟು ವ್ಯತ್ಯಾಸವಾಗುತ್ತೆ. ಆ ಚಿಲ್ಲರೆಯನ್ನು ಬರೆಯಲೆಂದೇ ಒಂದು ಸಾಲು! ಅರ್ಧ ಸೆಂಟಿಗೂ ಜಾಗ ಕೊಟ್ಟಿರುವ ಫಾರಂನಲ್ಲಿ ಒಬ್ಬ ಕೆಲಸಗಾರನ ಹೆಸರಿಗೆ ಜಾಗವಿಲ್ಲ.

ಆಮೇಲೆ ಹೆಸರು, ನಂಬರುಗಳ ತಾಳೆ. 2005ರಿಂದ ಇದಕ್ಕೆ ಸೋಶಿಯಲ್ ಸೆಕ್ಯುರಿಟಿಯದೇ ಒಂದು ಆನ್‌ಲೈನ್ ಸೇವೆ ಇದೆ. ಹತ್ತು ಹೆಸರನ್ನು ಕೂತಲ್ಲೇ ನೋಡಬಹುದು. ಎರಡೂವರೆ ಲಕ್ಷ ಹೆಸರಿನ ಕಡತ ಕಳಿಸಿದರೆ ಮರುದಿನ ಉತ್ತರ. ಪುಕ್ಕಟೆ. ಆದರೂ ಅವಸರದಲ್ಲಿ ಮೊದಲು ಬಿಟ್ಟುಹೋಗೋದು ಇದೇ, ಯಾಕಂದರೆ ಹೆಸರು ತಪ್ಪಿದ್ದರೂ ಮೊತ್ತ ಕೂಡಿಬರುತ್ತಲ್ಲ! ಅವಸರ ಮೊದಲಿಗಿಂತ ಹೆಚ್ಚಾಗಿದೆ ಬೇರೆ. ಹಿಂದೆ ಕೆಲಸಗಾರನಿಗೆ ಜನವರಿ ಕೊನೆಗೆ ಚೀಟಿ ಕೊಟ್ಟರೂ ಸರಕಾರಕ್ಕೆ ಕಳಿಸಲು ಫೆಬ್ರವರಿ ಕೊನೆಯವರೆಗೆ, ಎಲೆಕ್ಟ್ರಾನಿಕ್ ಆದರೆ ಮಾರ್ಚ್ ಕೊನೆಯವರೆಗೆ ಸಮಯವಿತ್ತು. ಚೀಟಿ ನೋಡಿ ಯಾರಾದರೂ 'ಹೆಸರು ತಪ್ಪಿದೆ' ಅಂದರೆ ತಿದ್ದಿ ಕಳಿಸಬಹುದಿತ್ತು. ರಿಫಂಡ್ ಕಳ್ಳರನ್ನು ತಡೆಯಲು 2015ರ ಕಾನೂನಿನಲ್ಲಿ ಎರಡಕ್ಕೂ ಜನವರಿ 31 ಮಾಡಿದರು. 2016ರ ಸಂಬಳದಿಂದ ಅದೇ ನಿಯಮ. ಒಳ್ಳೆಯ ಉದ್ದೇಶ, ಆದರೆ ತಿದ್ದುವ ಬಿಡುವು ಹೋಯ್ತು. ಈಗ ಕಳಿಸಿಯಾದ ಮೇಲೆ ಡಬ್ಲ್ಯೂ-2ಸಿ ಅನ್ನೋ ತಿದ್ದುಪಡಿ ಫಾರಂ ಒಂದೇ ಗತಿ.

ಇನ್ನು ನಮ್ಮ ಹೆಸರುಗಳ ಕಥೆ. ನಮ್ಮಲ್ಲಿ ಹೊ.ರಾ. ಕೃಷ್ಣ ಅಂದರೆ ಹೊಳೆನರಸೀಪುರದ ರಾಮಪ್ಪನ ಮಗ ಕೃಷ್ಣ. ಪಾಸ್‌ಪೋರ್ಟಿಗೆ ಇನಿಷಿಯಲ್ ನಡೆಯಲ್ಲ, ಬಿಡಿಸಿ ಬರೀತಾರೆ. ವೀಸಾದಲ್ಲಿ ಒಂದು ರೀತಿ ಕೂರುತ್ತೆ, ಕಂಪನಿಯ ಫಾರಂನಲ್ಲಿ ಇನ್ನೊಂದು ರೀತಿ. ಒಂದು ಕಡೆ ಕೃಷ್ಣ ಕೊನೆಯ ಹೆಸರು, ಇನ್ನೊಂದು ಕಡೆ ಊರೇ ಕೊನೆಯ ಹೆಸರಾಗಿ 'ಮಿಸ್ಟರ್ ಹೊಳೆನರಸೀಪುರ'. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ 'ಎಫ್‌ಎನ್‌ಯು', ಅಂದರೆ ಮೊದಲ ಹೆಸರು ಗೊತ್ತಿಲ್ಲ ಅಂತ ಹಾಕ್ತಾರೆ. ಕಂಪನಿಯಲ್ಲಿ ಅದನ್ನೇ ಹೆಸರು ಅಂದುಕೊಂಡು 'ಹಾಯ್ ಎಫ್ನು' ಅಂತ ಕರೆಸಿಕೊಂಡವರಿದ್ದಾರೆ :) ಸೋಶಿಯಲ್ ಸೆಕ್ಯುರಿಟಿಯ ಕಂಪ್ಯೂಟರು ನಂಬರಿನ ಜೊತೆ ಕೊನೆಯ ಹೆಸರಿನ ಮೊದಲ ಏಳು ಅಕ್ಷರಗಳನ್ನು ಹೋಲಿಸುತ್ತೆ. ಹೊಂದದಿದ್ದರೆ ಇಪ್ಪತ್ತಕ್ಕೂ ಹೆಚ್ಚು ಬಗೆಯಲ್ಲಿ ತಿರುಚಿ ಮುರುಚಿ ನೋಡುತ್ತೆ. ಅಷ್ಟಾದರೂ ಸಿಗದಿದ್ದರೆ ಕೈಬಿಡುತ್ತೆ. ಇದು ನಮ್ಮೊಬ್ಬರ ಕಷ್ಟವಲ್ಲ. ಮದುವೆಯಾಗಿ ಆಫೀಸಿನಲ್ಲಿ ಹೆಸರು ಬದಲಿಸಿ ಸೋಶಿಯಲ್ ಸೆಕ್ಯುರಿಟಿಗೆ ತಿಳಿಸದ ಅಮೆರಿಕನ್ ಹೆಂಗಸರು, ತಂದೆ ತಾಯಿ ಎರಡೂ ಕಡೆಯ ಮನೆತನದ ಹೆಸರಿರುವ ಮೆಕ್ಸಿಕೋ ಮೂಲದವರು, ಎಲ್ಲರೂ ಇದೇ ದೋಣಿಯಲ್ಲಿದ್ದಾರೆ. ಊರಿನಲ್ಲಿ ಪಹಣಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಹೆಸರು ಅಂತ ತಾಲೂಕು ಕಚೇರಿಗೆ ಅಲೆದವರಿಗೆ ಬಿಡಿಸಿ ಹೇಳಬೇಕಿಲ್ಲ.

*

ಕೈಬಿಟ್ಟದ್ದೆಲ್ಲ ಎಲ್ಲಿಗೆ ಹೋಗುತ್ತೆ? 'ಅರ್ನಿಂಗ್ಸ್ ಸಸ್ಪೆನ್ಸ್ ಫೈಲ್' ಅನ್ನೋ ಕಡತಕ್ಕೆ. ಯಾರದೆಂದು ಗೊತ್ತಿಲ್ಲದ ದುಡಿಮೆಯ ಕಡತ. 1937ರಿಂದ 2012ರವರೆಗಿನ ಸಂಬಳಗಳಲ್ಲಿ ಹೀಗೆ ಸೇರಿಕೊಂಡದ್ದು 33 ಕೋಟಿಗೂ ಹೆಚ್ಚು ನಮೂದುಗಳು, 1.2 ಲಕ್ಷ ಕೋಟಿ ಡಾಲರ್ ಸಂಬಳ. ತೆರಿಗೆಯೆಲ್ಲ ಸರಕಾರಕ್ಕೆ ಸಂದಿದೆ, ಪಿಂಚಣಿ ಕೇಳುವ ಹಕ್ಕು ಮಾತ್ರ ಅಂತರಪಿಶಾಚಿಯ ಹಾಗೆ ನೇತಾಡ್ತಿದೆ.

ಇದರಲ್ಲಿ ದೊಡ್ಡ ಪಾಲು ಕಾಗದಪತ್ರವಿಲ್ಲದೆ, ಇನ್ನೊಬ್ಬರದೋ ಕಲ್ಪಿತವೋ ಆದ ನಂಬರು ಕೊಟ್ಟು ಹೊಲ, ಹೋಟೆಲುಗಳಲ್ಲಿ ದುಡಿಯುವ ವಲಸಿಗರದ್ದು. 2010ರಲ್ಲಿ ಇಂಥವರೂ ಅವರ ಧಣಿಗಳೂ ಸೇರಿ ಸುಮಾರು 1,300 ಕೋಟಿ ಡಾಲರ್ ಕಟ್ಟಿದ್ದಾರೆ, ಅವರಿಗೆ ಸಂದ ಪಿಂಚಣಿ ಸುಮಾರು 100 ಕೋಟಿ ಅಂತ ಇಲಾಖೆಯ ಮುಖ್ಯ ಆಕ್ಚುರಿಯೇ 2013ರಲ್ಲಿ ಅಂದಾಜು ಮಾಡಿದ್ದರು. ಹಾಗಾಗಿ ಹೆಸರು-ನಂಬರಿನ ತಾಳೆ ಅನ್ನೋ ಗುಮಾಸ್ತಿಕೆ ನಿಧಾನಕ್ಕೆ ರಾಜಕೀಯವಾಯ್ತು. 1994ರಿಂದ ಇಲಾಖೆ ಧಣಿಗಳಿಗೆ 'ಈ ಹೆಸರುಗಳು ಹೊಂದುತ್ತಿಲ್ಲ, ತಿದ್ದಿ' ಅಂತ ಪತ್ರ ಬರೆಯುತ್ತಿತ್ತು. 2007ರಲ್ಲಿ ಗೃಹ ಭದ್ರತಾ ಇಲಾಖೆ ಆ ಪತ್ರವನ್ನೇ ಆಯುಧ ಮಾಡಲು ಹೊರಟಿತು: ಪತ್ರ ಬಂದು ಸುಮಾರು ಮೂರು ತಿಂಗಳಲ್ಲಿ ಸರಿಯಾಗದಿದ್ದರೆ ಕೆಲಸದಿಂದ ತೆಗೆಯಿರಿ, ಇಲ್ಲದಿದ್ದರೆ ನಿಮ್ಮ ಮೇಲೇ ಕ್ರಮ ಅಂತ. ಕಾರ್ಮಿಕ ಸಂಘಗಳು ಕೋರ್ಟಿಗೆ ಹೋದವು, ಆ ಅಕ್ಟೋಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ನ್ಯಾಯಾಧೀಶ ಚಾರ್ಲ್ಸ್ ಬ್ರೇಯರ್ ತಡೆಯಾಜ್ಞೆ ಕೊಟ್ಟರು, 2009ರಲ್ಲಿ ನಿಯಮವೇ ಹಿಂದಕ್ಕೆ ಹೋಯ್ತು. ಯಾಕೆ ಅಷ್ಟು ಆತಂಕ ಅಂದರೆ, ಇಲಾಖೆಯ ಸ್ವಂತ ಖಾತೆ ಪುಸ್ತಕದಲ್ಲೇ 1 ಕೋಟಿ 78 ಲಕ್ಷ ದಾಖಲೆಗಳಲ್ಲಿ ದೋಷವಿರಬಹುದು, ಅದರಲ್ಲಿ ಹೆಚ್ಚಿನವರು ಅಮೆರಿಕದ ಪ್ರಜೆಗಳೇ ಅಂತ ಅದರ ಇನ್ಸ್‌ಪೆಕ್ಟರ್ ಜನರಲ್ 2006ರಲ್ಲೇ ಹೇಳಿದ್ದರು. ಕಾಗುಣಿತ ತಪ್ಪಿದ್ದಕ್ಕೆ ಕೆಲಸ ಹೋದರೆ? ಪತ್ರಗಳು 2012ರಲ್ಲಿ ನಿಂತವು, 2019ರಲ್ಲಿ ಮತ್ತೆ ಶುರುವಾದವು, 2021ರಲ್ಲಿ ಮತ್ತೆ ನಿಂತವು. ಅಧ್ಯಕ್ಷರು ಬದಲಾದ ಹಾಗೆ ಅಂಚೆಯೂ ಬದಲು.

ನನ್ನ ಸೊನ್ನೆಗೆ ವಾಪಸ್ ಬರ್ತೀನಿ. ಖಾತೆ ತಿದ್ದಿಸಿಕೊಳ್ಳಲು ಕಾನೂನಿನಲ್ಲಿ ಒಂದು ಗಡುವಿದೆ: ಆ ವರ್ಷ ಮುಗಿದು ಮೂರು ವರ್ಷ, ಮೂರು ತಿಂಗಳು, ಹದಿನೈದು ದಿನ. ಆಮೇಲೂ ಕೆಲವು ವಿನಾಯಿತಿಗಳುಂಟು, ಆದರೆ ಸಾಕ್ಷಿ ಬೇಕು. ಪಿಂಚಣಿ ಲೆಕ್ಕ ಹಾಕುವುದು ಅತಿ ಹೆಚ್ಚು ಗಳಿಸಿದ 35 ವರ್ಷಗಳ ಮೇಲೆ; ಅಷ್ಟು ವರ್ಷ ದುಡಿಯದವರಿಗೆ ಉಳಿದ ವರ್ಷಕ್ಕೆ ಸೊನ್ನೆ ಬೀಳುತ್ತೆ. ಇನ್ನೂ ಮುಖ್ಯವಾದದ್ದು, ಪಿಂಚಣಿಗೆ ಅರ್ಹರಾಗಲು 40 ಕ್ರೆಡಿಟ್ ಬೇಕು, ವರ್ಷಕ್ಕೆ ಹೆಚ್ಚೆಂದರೆ ನಾಲ್ಕು, ಅಂದರೆ ಕಡಿಮೆಯೆಂದರೂ ಹತ್ತು ವರ್ಷ. ಒಂದು ದೇಶದ ದುಡಿಮೆಯನ್ನು ಇನ್ನೊಂದು ದೇಶದಲ್ಲಿ ಲೆಕ್ಕಕ್ಕೆ ಹಿಡಿಯುವ ಒಪ್ಪಂದವನ್ನು ಭಾರತ ಬಹಳ ವರ್ಷಗಳಿಂದ ಕೇಳುತ್ತಾ ಬಂದಿದೆ. ಒಂಬತ್ತೂವರೆ ವರ್ಷ ದುಡಿದು ಅಪ್ಪ ಅಮ್ಮನನ್ನು ನೋಡಿಕೊಳ್ಳಲು ಮೈಸೂರಿಗೋ ಶಿವಮೊಗ್ಗಕ್ಕೋ ವಾಪಸಾದವನಿಗೆ ಕಳೆದುಹೋದ ನಾಲ್ಕು ಕ್ರೆಡಿಟ್ ಅಂದರೆ ಏನು ಅಂತ ನೀವೇ ಯೋಚಿಸಿ.

2003ರ ಹೊತ್ತಿಗೆ ನನ್ನ ಆ ಮೊದಲ ಕಂಪನಿ ಡಾಟ್‌ಕಾಂ ಗಾಳಿಯಲ್ಲಿ ಹಾರಿಹೋಗಿತ್ತು, ಫೋನೆತ್ತುವವರಿಲ್ಲ. ಆದರೆ ಡಬ್ಲ್ಯೂ-2ರ ಪ್ರತಿ ನನ್ನ ಹತ್ತಿರ ಇತ್ತು. ಸಾಂಬಾರ್ ಪುಡಿಯ ಹಳೇ ಡಬ್ಬದಲ್ಲಿ, ವಿಮಾನದ ಟಿಕೇಟಿನ ಜೊತೆ, ಹೆಂಡತಿ ಎತ್ತಿಟ್ಟಿದ್ದಳು. (ನಾನಾಗಿದ್ದರೆ ಎಸೆದಿರುತ್ತಿದ್ದೆ.) ಸಂಬಳದ ಸ್ಲಿಪ್ಪುಗಳನ್ನೂ ಸೇರಿಸಿಕೊಂಡು ಹತ್ತಿರದ ಸೋಶಿಯಲ್ ಸೆಕ್ಯುರಿಟಿ ಕಚೇರಿಗೆ ಹೋದೆ. ಕಿಟಕಿಯಲ್ಲಿದ್ದ ವಯಸ್ಸಾದ ಹೆಂಗಸು 'ಅಪ್ಲೈಡ್ ಫಾರ್' ನೋಡಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಇಂಥದ್ದು ವಾರಕ್ಕೆ ಎರಡು ಬರುತ್ತಪ್ಪ" ಅನ್ನುವ ಅರ್ಥದಲ್ಲಿ ಏನೋ ಅಂದು ಝೆರಾಕ್ಸ್ ಮಾಡಿಕೊಂಡಳು.

ಮುಂದಿನ ವರ್ಷದ ಲಕೋಟೆ ಬಂದಾಗ ನೇರವಾಗಿ 2000ದ ಸಾಲಿಗೇ ಹೋದೆ. ಸೊನ್ನೆಯ ಜಾಗದಲ್ಲಿ ಐದಂಕಿಯ ಸಂಖ್ಯೆ ಇತ್ತು. ಡಬ್ಬದಿಂದ ಡಬ್ಲ್ಯೂ-2 ತೆಗೆದು ಮೂರನೇ ಚೌಕದ ಪಕ್ಕದಲ್ಲಿಟ್ಟು ನೋಡಿದೆ. ಸೆಂಟುಗಳನ್ನು ಬಿಟ್ಟು ಉಳಿದದ್ದೆಲ್ಲ ಸರಿಯಿತ್ತು.